ಅಕ್ಕಿಯೊಳಗಿನ ಬಾಟಲಿ

ಡಬ್ಬದ ತಳದಲ್ಲಿದ್ದ ಅಕ್ಕಿಗೆ ಕೈ ಇಳಿಬಿಟ್ಟಾಗ ಭವ್ಯಳ ಬೆರಳಿಗೆ ಗಾಜು ತಗುಲಿತು. ಕೊಬ್ಬರಿ ಎಣ್ಣೆ ಬಾಟಲಿಯನ್ನೇನಾದರೂ ಅಮ್ಮ ಇಲ್ಲಿ ಇಟ್ಟಳೇ ಎಂದುಕೊಂಡು ಎಳೆದಳು. ಬಂದದ್ದು ಬ್ರಾಂದಿ. ಅರ್ಧಕ್ಕಿಂತ ಹೆಚ್ಚು ಖಾಲಿಯಾದ ಬಾಟಲಿ, ಅದರ ಜೊತೆಗೆ ಹಳೆಯ ರವಿಕೆಯ ಚೂರಿನಲ್ಲಿ ಸುತ್ತಿದ ಒಂದು ಗಾಜಿನ ಲೋಟ.

"ಭವ್ಯಾ, ಅಕ್ಕಿ ತರಾಕೆ ಎಷ್ಟೊತ್ತೇ? ಬಾಯಿಗೆ ಹಾಕೋರು ಸಾಲಾಗಿ ನಿಂತವ್ರೆ ಕಣೇ!" ಅಂಗಳದಿಂದ ಸೋದರಮಾವ ಈರಭದ್ರಪ್ಪ ಕೂಗಿದ.

ಬುಕ್ಕಾಂಬುಧಿಯಲ್ಲಿ ಯಾರ ಮನೆಯ ಅಕ್ಕಿಯಲ್ಲಿ ಬೇಕಾದರೂ ಬಾಟಲಿ ಸಿಗಬಹುದಿತ್ತು, ಈ ಮನೆಯದರಲ್ಲಿ ಮಾತ್ರ ಅಲ್ಲ. ಗೂಡಂಗಡಿಗಳಲ್ಲಿ ಕದ್ದು ಮಾರುತ್ತಿದ್ದ ಸರಕನ್ನೆಲ್ಲ, ಸಂಘದ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಬೀದಿಗೆ ಸುರಿಸಿದವಳು ಭವ್ಯಳ ಅಮ್ಮ ಸಾವಿತ್ರಮ್ಮ. ಅವಳು ಎದುರಾದರೆ ಊರ ಗಂಡಸರು ಬಾಯಿಗೆ ಟವೆಲ್ ಮುಚ್ಚಿಕೊಂಡು ಸಂದಿ ಹಿಡಿಯುತ್ತಿದ್ದರು. ನಿನ್ನೆ ಸಂಜೆ ತರೀಕೆರೆಯಿಂದ ಬಂದವಳು ಜಗಲಿಯ ಮೇಲೆ ಕೂತು ನೀರು ಕೇಳಿದಳಂತೆ. ಗಂಡ ಸಿದ್ದಪ್ಪ ಚೊಂಬು ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ದೇವನೂರಿನ ಗಂಡನ ಮನೆಯಿಂದ ಓಡಿಬಂದ ಮಗಳಿಗೆ ಆ ಸಾವೇ ಇನ್ನೂ ತಲೆಯೊಳಗೆ ಇಳಿದಿರಲಿಲ್ಲ. ಈಗ ಇದು.

ಬಾಟಲಿ, ಲೋಟ ಎರಡನ್ನೂ ಮತ್ತೆ ಅಕ್ಕಿಯೊಳಗೆ ಹೂತು, ಬೊಗಸೆ ಅಕ್ಕಿಯನ್ನು ಮೊರಕ್ಕೆ ಹಾಕಿಕೊಂಡು ಹೊರಗೆ ಬಂದಳು.

ಅಂಗಳದಲ್ಲಿ ಅಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಸಿರು ಸೀರೆ, ಹಣೆ ತುಂಬ ಕುಂಕುಮ. ಪಕ್ಕದಲ್ಲಿ ಸಿದ್ದಪ್ಪ ಆ ನೀರಿನ ಚೊಂಬನ್ನು ಇನ್ನೂ ಕೈಯಲ್ಲೇ ಹಿಡಿದು ಕೂತಿದ್ದ. ಈರಭದ್ರಪ್ಪ ಬೆಳಿಗ್ಗೆಯೇ ಅಜ್ಜಂಪುರಕ್ಕೆ ಹೋಗಿ ಫ್ಲೆಕ್ಸ್ ಮಾಡಿಸಿ ತಂದಿದ್ದ: 'ಮದ್ಯದ ವೈರಿ, ಊರಿನ ತಾಯಿ ಸಾವಿತ್ರಮ್ಮನವರಿಗೆ ಭಾವಪೂರ್ಣ ಶ್ರದ್ಧಾಂಜಲಿ.' ಅದರಲ್ಲಿ ತಂಗಿಯ ಫೋಟೋಗಿಂತ ಅವನದೇ ಒಂದು ಸುತ್ತು ದೊಡ್ಡದಾಗಿತ್ತು. ಗುಂಡಿ ತೆಗೆಯುವವರಿಗೆ ಎಣ್ಣೆ ಕೊಡಿಸುವುದು ಊರಿನ ವಾಡಿಕೆ. ಇವತ್ತು ಒಂದು ಹನಿ ಯಾರ ಬಾಯಿಗೂ ಬೀಳಕೂಡದೆಂದು ಅವನು ಕಟ್ಟಪ್ಪಣೆ ಮಾಡಿದ್ದ. ಯಾರೂ ಕೇಳಿರಲೂ ಇಲ್ಲ.

ಭವ್ಯ ಬಗ್ಗಿ ಅಮ್ಮನ ತುಟಿಗೆ ಅಕ್ಕಿ ಕಾಳು ಇಟ್ಟಳು. ಹಾಗೇ ಇನ್ನಷ್ಟು ಬಗ್ಗಿ, ಯಾರಿಗೂ ಕಾಣದಂತೆ ಅಮ್ಮನ ಬಾಯಿಯ ವಾಸನೆ ನೋಡಿದಳು. ಅರಿಸಿನ, ಕರ್ಪೂರ, ಅಷ್ಟೇ. ನೋಡಿದ ಮೇಲೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಹೆತ್ತವಳ ಹೆಣವನ್ನು ಮೂಸಿ ನೋಡುವ ಮಗಳು ನಾನೊಬ್ಬಳೇ ಇರಬೇಕು ಎಂದುಕೊಂಡಳು.

ಆಗಲೇ ತೆಂಗಿನಕಾಯಿ ಕೀಳುವ ತಿಪ್ಪೇಶ ಜನರನ್ನು ಸೀಳಿಕೊಂಡು ಬಂದ. ಊರಿನ ಹೆಸರಾಂತ ಕುಡುಕ. ಗುಂಡಿ ತೋಡಿ ಬಂದ ಕೆಮ್ಮಣ್ಣು ಮೊಣಕಾಲವರೆಗೂ ಮೆತ್ತಿತ್ತು. ಸಾವಿತ್ರಮ್ಮನ ಕಾಲ ಬಳಿ ಉರಿಯುತ್ತಿದ್ದ ಕರ್ಪೂರದ ತಟ್ಟೆಗೆ ಕೈ ಚಾಚಿದ.

"ಸಾವಿತ್ರಕ್ಕಾ! ನಿನ್ನೆಯಿಂದ ಮುಟ್ಟಿಲ್ಲ ಕಣಕ್ಕ. ಇನ್ನು ಮುಟ್ಟೋದೂ ಇಲ್ಲ. ನಿನ್ ಹೆಣದ ಮೇಲಾಣೆ!"

ಜನ 'ಹೋ' ಎಂದರು. ಈರಭದ್ರಪ್ಪನ ಕಣ್ಣು ಒದ್ದೆಯಾಯಿತು. "ನೋಡ್ರಪ್ಪಾ, ಸತ್ತು ಕೂತೂ ಒಬ್ಬನ್ನ ಬಿಡಿಸ್ಬಿಟ್ಲು ನನ್ ತಂಗಿ!" ಎಂದು ಮೊಬೈಲಿನಲ್ಲಿ ವಿಡಿಯೋ ಮಾಡಿಸಿದ.

"ಬ್ಯಾಡ ಕಣೋ, ಆಣೆ ಬ್ಯಾಡ!" ಹಿಂದಿನಿಂದ ಒಂದು ಹೆಣ್ಣು ದನಿ ಚೀರಿತು. ಪಕ್ಕದ ಮನೆಯ ವಿಧವೆ ಹಾಲಮ್ಮ.

"ಏ ಕುಡುಕಿ, ಹಿಂದಕ್ಕೆ ಸರಿ. ನಿಂಗೆ ಕುಡಿಯಾಕೆ ಜೊತೆ ಇಲ್ದಂಗೆ ಆಯ್ತು ಅಂತಾನಾ?" ಎಂದು ಯಾರೋ ಅವಳನ್ನು ನೂಕಿದರು. ನೂಕಿಸಿಕೊಂಡವಳು ಸೀದಾ ಬಂದು ಭವ್ಯಳ ರಟ್ಟೆ ಹಿಡಿದು ಹಿತ್ತಲಿಗೆ ಎಳೆದಳು.

"ಅಕ್ಕಿ ಡಬ್ಬ ನೋಡಿದ್ಯಾ?" ಎಂದು ಕೇಳಿದಳು.

"ಅಮ್ಮ ಕುಡೀತಿದ್ಲಾ ಅತ್ತೆ?"

"ನಿನ್ ಬಾಯಿಗೆ ಮಣ್ಣು ಹಾಕ! ಕೆಂಚಪ್ಪ ಸತ್ತಿದ್ದು ನೆಪ್ಪೈತಾ ನಿಂಗೆ?"

*

ಭವ್ಯ ಆಗ ಅಜ್ಜಂಪುರದಲ್ಲಿ ಪಿಯುಸಿ ಓದುತ್ತಿದ್ದಳು. ಹಾಲಮ್ಮನ ಗಂಡ ಕೆಂಚಪ್ಪ, ಬೆಳಿಗ್ಗೆ ಬಾಯಿ ಮುಕ್ಕಳಿಸುವುದಕ್ಕೂ ಎಣ್ಣೆಯೇ ಆಗಬೇಕೆನ್ನುವ ಆಸಾಮಿ. ಸಾವಿತ್ರಮ್ಮ ಅವನನ್ನು ಮಾರಮ್ಮನ ಗುಡಿಗೆ ಎಳೆದುಕೊಂಡು ಹೋಗಿ, ಉರಿಯುವ ಕರ್ಪೂರ ಮುಟ್ಟಿಸಿ ಆಣೆ ಮಾಡಿಸಿದಳು. ಆಣೆ ಮುರಿಯಬಾರದೆಂದು ತಮ್ಮ ತೋಟದ ಪಂಪ್‌ಸೆಟ್ ಮನೆಯಲ್ಲಿ ಕೂಡಿಹಾಕಿ ಬೀಗ ಜಡಿದಳು. ಹಾಲಮ್ಮನೇ ಒಪ್ಪಿ ಅನ್ನದ ತಟ್ಟೆ ಕಿಟಕಿಯಲ್ಲಿ ಇಟ್ಟು ಬಂದಳು. ಸಂಘದ ಹೆಂಗಸರೆಲ್ಲ ಚಪ್ಪಾಳೆ ಹೊಡೆದರು. ಭವ್ಯಳೂ ಹೊಡೆದಳು.

ಮಾರನೆಯ ದಿನ ಕೆಂಚಪ್ಪ ಒಳಗಿನಿಂದ ಬಾಗಿಲು ಬಡಿದ. ಗೋಡೆ ತುಂಬ ಇರುವೆ ಹರಿಯುತ್ತಿವೆ, ಮೈಮೇಲೆ ಹತ್ತುತ್ತಿವೆ, ಬಿಡಿಸ್ರೋ ಎಂದು ಕಿರುಚಿದ.

"ನಾಟಕ ಆಡ್ತಾವ್ನೆ. ಯಾರೂ ತೆಗೀಬೇಡಿ" ಎಂದಳು ಸಾವಿತ್ರಮ್ಮ. ಬೀಗದ ಕೈ ಅವಳ ಸೊಂಟದಲ್ಲಿತ್ತು.

ಆಮೇಲೆ ಕೂಗು ನಿಂತಿತು. ದಾರಿಗೆ ಬಂದ ಎಂದುಕೊಂಡರು. ಬಾಗಿಲು ತೆಗೆದಾಗ ಕೆಂಚಪ್ಪ ನಾಲಿಗೆ ಕಚ್ಚಿಕೊಂಡು ಮೋಟಾರಿನ ಪಕ್ಕ ಸತ್ತು ಬಿದ್ದಿದ್ದ. ಕುಡಿದು ಕುಡಿದು ಸತ್ತ ಎಂದಿತು ಊರು. ಆ ದಿನದಿಂದ ಸಾವಿತ್ರಮ್ಮ ಯಾರ ಕೈಯಲ್ಲೂ ಆಣೆ ಮಾಡಿಸಲಿಲ್ಲ. ಅದನ್ನು ಊರಾಗಲಿ ಮಗಳಾಗಲಿ ಗಮನಿಸಲಿಲ್ಲ.

*

"ಕುಡಿದು ಸಾಯ್ಲಿಲ್ಲ ಕಣವ್ವ ನನ್ ಗಂಡ. ಕುಡೀದೆ ಸತ್ತ" ಎಂದಳು ಹಾಲಮ್ಮ. "ವರ್ಸಗಟ್ಲೆ ಕುಡ್ದ ಮೈ ಒಂದೇ ಸಲ ಬಿಟ್ರೆ ತಡ್ಕಳಲ್ವಂತೆ, ಫಿಟ್ಸ್ ಬತ್ತದಂತೆ. ನಿಮ್ಮಮ್ಮ ಆಮ್ಯಾಕೆ ಕಡೂರಿನ ಕುಡಿತ ಬಿಡಿಸೋ ಸೆಂಟರ್‌ಗೆ ಹೋಗಿ ತಿಳ್ಕಂಡ್ಲು. ನನ್ ಕಾಲು ಹಿಡ್ಕಂಡ್ಲು. ನಾನು ಬಾಗ್ಲು ಹಾಕ್ಕಂಡೆ. ಮತ್ತೆ ಬಂದ್ಲು, ಮತ್ತೆ ಬಂದ್ಲು. ಅತ್ತು ಅತ್ತು ಇಬ್ರೂ ಒಂದಾದ್ವಿ."

"ಆ ಬಾಟ್ಲಿ?"

"ತಿಪ್ಪೇಶಂದು. ತರೀಕೆರೆ ಆಸ್ಪತ್ರೇಲಿ ಸೋಮವಾರ ಹಾಸಿಗೆ ಐತೆ. ಅಲ್ಲೀ ತನಕ ಇಷ್ಟಿಷ್ಟೇ ಇಳಿಸ್ಕಂಡು ಬಾ ಅಂತ ಡಾಕ್ಟ್ರೇ ಹೇಳವ್ರೆ. ಬೆಳಿಗ್ಗೆ ಸಂಜೆ ಇದೇ ಹಿತ್ತಲಿಗೆ ಬತ್ತಿದ್ದ, ನಿಮ್ಮಮ್ಮ ಅಳೆದು ಕೊಡೋಳು."

"ತರೋರು ಯಾರು?"

"ನಾನೇ. ಅಜ್ಜಂಪುರದ ವೈನ್ ಶಾಪಿಂದ. ಅವ್ಳು ಹೋದ್ರೆ ಊರು ಸುಮ್ಕಿರ್ತದಾ? ನನ್ನ ಕುಡುಕಿ ಅಂದ್ರೆ ನಾನೇನು ಕಳ್ಕಳೋದೈತೆ ಬಿಡು. ಈಗ ಆ ಮುಂಡೇಗಂಡ ನಿನ್ನೆಯಿಂದ ಏನೂ ಇಲ್ದೆ ಆಣೆ ಬೇರೆ ಮಾಡವ್ನೆ. ಫೋನ್ ಮಾಡು ಆ ಅನುಪಮಾ ಮೇಡಮ್ಗೆ. ಸೆಂಟರ್ ನರ್ಸು."

ಅಮ್ಮನ ಫೋನಿನಲ್ಲಿ ಮೊದಲ ಹೆಸರೇ ಅದಾಗಿತ್ತು. ಸುದ್ದಿ ಕೇಳಿ ಅನುಪಮಾ ಗಡಬಡಿಸಿ ಕೇಳಿದಳು: "ತಿಪ್ಪೇಶ್ ನಡುಗ್ತಾ ಇದಾರಾ? ಬೆವರ್ತಾ ಇದಾರಾ? ನೋಡಿ, ನಾನು ಆಂಬುಲೆನ್ಸ್ ಕಳಿಸ್ತೀನಿ. ಅದು ಬರೋ ತನಕ ಲೋಟದಲ್ಲಿ ಉಳಿದಿರೋ ಮೇಲಿನ ಗೆರೆವರೆಗೆ ಕೊಡಿ, ಎಚ್ಚರ ಇದ್ರೆ ಮಾತ್ರ. ಫಿಟ್ಸ್ ಬಂದ್ಮೇಲೆ ಬಾಯಿಗೆ ಏನೂ ಹಾಕಬಾರ್ದು. ತಡ ಮಾಡಬೇಡಿ ಭವ್ಯಾ."

ಭವ್ಯ ಒಳಗೆ ಹೋಗಿ ಅಕ್ಕಿಯಿಂದ ಲೋಟವನ್ನು ತೆಗೆದು ಬೆಳಕಿಗೆ ಹಿಡಿದಳು. ಹೊರಗಡೆ ಒಂದರ ಕೆಳಗೊಂದು ಕೆಂಪು ಗೆರೆ. ಬಣ್ಣ ನೋಡಿ ಗೊತ್ತಾಯಿತು, ಅವಳ ಮದುವೆಯ ಉಗುರುಬಣ್ಣ. ಮೇಲಿನ ಗೆರೆಗಳನ್ನು ಅಮ್ಮ ಒಂದೊಂದಾಗಿ ಕೆರೆದು ತೆಗೆದಿದ್ದಳು, ಕೆಳಗಿನವು ಉಳಿದಿದ್ದವು.

ಅಂಗಳದಲ್ಲಿ ತಮಟೆ ಮೊಳಗಿತು. ಚಟ್ಟ ಎದ್ದಿತ್ತು. ಮುಂದಿನ ಹೆಗಲು ತಿಪ್ಪೇಶನದು.

ಗುಂಡಿ ತೆಗೆದಿದ್ದು ಅವರದೇ ತೆಂಗಿನ ತೋಟದಲ್ಲಿ, ಪಂಪ್‌ಸೆಟ್ ಮನೆಯ ಎದುರು. ಆ ಮನೆಗೆ ಬಾಗಿಲಿರಲಿಲ್ಲ. ಗೆದ್ದಲು ಹಿಡಿಯಿತೆಂದು ಅಮ್ಮ ಯಾವಾಗಲೋ ಕೀಳಿಸಿದ್ದಳು. ಆ ಮಾತನ್ನು ಇಷ್ಟು ವರ್ಷ ನಂಬಿದ್ದ ಭವ್ಯ, ಮೊರದ ಅಕ್ಕಿಯೊಳಗೆ ಬಾಟಲಿ, ಲೋಟ ಮುಚ್ಚಿಟ್ಟುಕೊಂಡು ಬಂದವಳು, ಆ ಖಾಲಿ ಚೌಕಟ್ಟನ್ನೇ ನೋಡುತ್ತ ನಿಂತಳು.

ಎಲ್ಲರೆದುರು ಇದನ್ನು ಹೊರತೆಗೆದರೆ ಅಮ್ಮ ಜೀವಮಾನವೆಲ್ಲ ಗಳಿಸಿದ ಹೆಸರು ಈ ಗುಂಡಿಯಲ್ಲೇ ಮುಚ್ಚಿಹೋಗುತ್ತದೆ. ಹಾಲಮ್ಮನನ್ನು ಕರೆದಂತೆ ನಾಳೆಯಿಂದ ಅಮ್ಮನನ್ನೂ ಕುಡುಕಿ ಎಂದು ಕರೆಯುತ್ತಾರೆ. ಮರೆಗೆ ಕರೆದು ಕೊಡೋಣವೆಂದು ಭವ್ಯ ತಿಪ್ಪೇಶನ ತೋಳು ಹಿಡಿದಳು. ಅಂಗಿ ಹಿಂಡುವಷ್ಟು ಬೆವರಿತ್ತು.

"ಬಾ ತಿಪ್ಪೇಶಣ್ಣ, ಒಂಚೂರು ಆ ಕಡೆ."

"ಎಲ್ಲಿಗೂ ಬರಲ್ಲ ಕಣವ್ವ. ಅಕ್ಕನ್ನ ಇಳಿಸ್ಬೇಕು." ಅವನ ಹಲ್ಲು ಕಟಕಟ ಎನ್ನುತ್ತಿತ್ತು. ದೇಹವನ್ನು ಗುಂಡಿಗೆ ಇಳಿಸಿದ ಮೇಲೂ ಅಂಚಿನಲ್ಲೇ ಕುಕ್ಕರಿಸಿದ. ತಟ್ಟನೆ ಮುಂದಕ್ಕೆ ಬಾಗಿ ಎರಡೂ ಕೈಯಿಂದ ಗಾಳಿಯನ್ನು ಕೊಡವತೊಡಗಿದ. "ಇರುವೆ! ಅಕ್ಕನ ಮುಖದ ಮೇಲೆ ಇರುವೆ ಹತ್ತವೆ, ಓಡಿಸ್ರೋ!"

"ನಾಟಕ ಆಡ್ಬೇಡ ಕಣೋ, ಎದ್ದೇಳು" ಎಂದ ಈರಭದ್ರಪ್ಪ.

ಅದೇ ಮಾತು. ಭವ್ಯ ಮೊರ ಕೆಳಗಿಟ್ಟು, ಅಕ್ಕಿಯಿಂದ ಬಾಟಲಿ ಎಳೆದು, ಎಲ್ಲರ ಕಣ್ಣೆದುರೇ ಮುಚ್ಚಳ ತಿರುಚಿದಳು. ತಮಟೆಯವನ ಕೈ ನಿಂತಿತು.

"ಏನೇ ಇದು? ತಲೆ ಕೆಟ್ಟೈತಾ ನಿಂಗೆ?" ಈರಭದ್ರಪ್ಪನ ದನಿ ಕೀರಲಾಯಿತು. "ಎಲ್ಲಿತ್ತು ಇದು?"

"ಅಮ್ಮಂದು ಮಾವ. ನಮ್ಮನೆ ಅಕ್ಕೀಲಿ ಇತ್ತು." "ಇವತ್ತು ಬಿಟ್ರೆ ಇವ್ನೂ ಕೆಂಚಪ್ಪನ ಹಂಗೆ ಸಾಯ್ತಾನೆ. ಕೆಂಚಪ್ಪನ್ನ ಕೂಡಿಹಾಕಿ ಸಾಯ್ಸಿದ್ದು ಅಮ್ಮ. ಅದು ಗೊತ್ತಾದ್ಮೇಲೆ ಅಮ್ಮ ಅಳೆದು ಕೊಡ್ತಿದ್ಲು. ಆಸ್ಪತ್ರೆಗೆ ಸೇರ್ಸೋ ತನಕ."

ಎಲ್ಲರ ಕಣ್ಣು ಹಾಲಮ್ಮನ ಕಡೆ ಹೊರಳಿತು. ಹಾಲಮ್ಮ ಯಾರನ್ನೂ ನೋಡದೆ ತಿಪ್ಪೇಶನ ಹಿಂದೆ ಕೂತು, ಅವನ ಬೆನ್ನನ್ನು ತನ್ನ ಎದೆಗೆ ಆನಿಸಿ ಹಿಡಿದಳು.

"ತಿಪ್ಪೇಶಣ್ಣ, ನಾನ್ಯಾರು ಹೇಳು?"

"ಭ... ಭವ್ಯವ್ವ. ಬ್ಯಾಡ ಕಣವ್ವ. ಆಣೆ ಮಾಡೀನಿ."

"ಅಮ್ಮಂಗೆ ಆಣೆ ಬೇಕಿಲ್ಲ. ನೀನು ಬೇಕು. ಕುಡಿ."

ಉಳಿದಿದ್ದ ಗೆರೆಗಳಲ್ಲಿ ಮೇಲಿನದಕ್ಕೆ ಸರಿಯಾಗಿ ಸುರಿದಳು. ಅವನಿಗೆ ಲೋಟ ಹಿಡಿಯಲಾಗಲಿಲ್ಲ. ಬೆಳಿಗ್ಗೆ ಅಮ್ಮನ ತುಟಿ ಬಿಡಿಸಿ ಅಕ್ಕಿ ಇಟ್ಟ ಅದೇ ಬೆರಳುಗಳಿಂದ ಅವನ ಗಲ್ಲ ಹಿಡಿದು, ಗುಟುಕು ಗುಟುಕಾಗಿ ಕುಡಿಸಿದಳು. ಅವನು ಅಳುತ್ತಲೇ ನುಂಗಿದ. ಎಷ್ಟೋ ಹೊತ್ತಿನ ಮೇಲೆ ಕೆರೆ ಏರಿಯ ಕಡೆಯಿಂದ ಆಂಬುಲೆನ್ಸ್ ಸದ್ದು ಕೇಳಿತು. ಅಷ್ಟರಲ್ಲಿ ಅವನ ಹಲ್ಲು ಕಟಕಟ ಎನ್ನುವುದು ಕಡಿಮೆಯಾಗಿತ್ತು.

"ಮಗಳು ಮಣ್ಣು ಹಾಕ್ಬೇಕು, ಬಾರವ್ವ" ಎಂದು ಗುಂಡಿಯ ಬಳಿಯಿಂದ ಯಾರೋ ಮೆಲ್ಲಗೆ ಕರೆದರು.

ಭವ್ಯಳ ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಲೋಟ. ಕೆಳಗಿಡಲು ಜಾಗ ಹುಡುಕುತ್ತಿದ್ದಂತೆ ಈರಭದ್ರಪ್ಪ ಬಂದು ಕೈ ಚಾಚಿದ. ಎರಡನ್ನೂ ಇಸಿದುಕೊಂಡು ಮೊದಲು ಹೆಗಲ ಟವೆಲ್ಲಿನಡಿ ಮುಚ್ಚಿದ. ಆಮೇಲೆ ಏನನಿಸಿತೋ, ಲೋಟವನ್ನು ಕಾಲ ಬಳಿ ಇಟ್ಟು ಬಾಟಲಿಯನ್ನು ಹೊರಗೆ ತೆಗೆದ. ಭವ್ಯ ಬೊಗಸೆಯಲ್ಲಿ ಕೆಮ್ಮಣ್ಣು ತುಂಬಿಕೊಂಡು ಬಗ್ಗಿದಾಗ, ಅವಳ ಮಾವ ತೋಟಕ್ಕೂ ತಂದು ಕಟ್ಟಿದ್ದ ತಂಗಿಯ ಫ್ಲೆಕ್ಸಿನ ಮುಂದೆ ಬಿಳಿ ಅಂಗಿಯಲ್ಲಿ ನೆಟ್ಟಗೆ ನಿಂತಿದ್ದ. ಬ್ರಾಂದಿ ಬಾಟಲಿ ಊರಿಗೆಲ್ಲ ಕಾಣುವಂತೆ ಎದೆಯ ಮಟ್ಟದಲ್ಲಿತ್ತು, ಅದಕ್ಕೆ ಅಂಟಿದ ಅಕ್ಕಿ ಕಾಳು ಉದುರದಂತೆ ಅವನು ಇನ್ನೊಂದು ಅಂಗೈಯನ್ನು ಅಡಿಗೆ ಹಿಡಿದಿದ್ದ.