ಮಿಲ್ಲಿನ ಬೆಲ್ಟೂ ಮುನಿಯಲ್ಲಪ್ಪಣ್ಣನ ಪೈಪೂ

ನಮ್ಮ ಟೇಕಲ್ ಕಡೆ ಏನು ಒಣಗಿದರೂ, ಏನು ಉಜ್ಜಿದರೂ ಮೊದಲ ಮದ್ದು ಎಣ್ಣೆ. ತಲೆಗೆ ಎಣ್ಣೆ, ಒಡೆದ ಹಿಮ್ಮಡಿಗೆ ಎಣ್ಣೆ, ಕಿರ್ರೆನ್ನುವ ಬಾಗಿಲಿಗೂ ಎಣ್ಣೆ. ನಾನು ಶಾಮಲಮ್ಮ, ಇಲ್ಲಿನ ಉಪಕೇಂದ್ರದ ನರ್ಸು. ಇಪ್ಪತ್ತು ವರ್ಷ ಈ ಮದ್ದನ್ನು ಧಾರಾಳವಾಗಿ ಹೇಳಿಕೊಂಡು ಬಂದವಳು. ಆ ಧಾರಾಳ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಅಂತ ಮುಚ್ಚಿಡದೆ ಹೇಳುತ್ತೇನೆ, ಕೇಳಿ.

2003ರ ಬೇಸಿಗೆ. ರಾಗಿ ಮಿಲ್ಲು ನಡೆಸುವ ಮುನಿಯಲ್ಲಪ್ಪಣ್ಣನಿಗೆ ಮೂತ್ರ ಕಟ್ಟಿಕೊಂಡಿತು. ಕೋಲಾರದ ಡಾಕ್ಟರು ರಬ್ಬರ್ ಪೈಪು ಹಾಕಿ, ಅದಕ್ಕೊಂದು ಚೀಲ ಸೇರಿಸಿ, ಆಪರೇಷನ್‌ಗೆ ಮುಂದಿನ ತಿಂಗಳು ಬನ್ನಿ ಎಂದು ಕಳುಹಿಸಿದರು. ಅಲ್ಲಿಯವರೆಗೆ ಆ ಪೈಪೇ ಅವನಿಗೆ ಗತಿ. ಹೆಂಡತಿ ಮುನಿಶಾಮಕ್ಕ ಅದನ್ನು ಎಳೆಗೂಸಿನ ಹಾಗೆ ನೋಡಿಕೊಂಡಳು. ಗಂಡನನ್ನು ದಿನವಿಡೀ ಬೈಯುವ ಬಾಯಿ, ಪೈಪು ಮುಟ್ಟುವಾಗ ಮಾತ್ರ ಮೆತ್ತಗಾಗುತ್ತಿತ್ತು.

ಒಂದು ದಿನ ಅವಳು, ಪೈಪು ಚರ್ಮಕ್ಕೆ ಉಜ್ಜಿ ಉರಿಯುತ್ತಂತೆ, ಏನು ಮಾಡಲಿ ಎಂದು ಕೇಳಿದಳು.

“ದಿನಾ ಬೆಳಿಗ್ಗೆ ಒಂದೆರಡು ತೊಟ್ಟು ಕೊಬ್ಬರಿ ಎಣ್ಣೆ ಸವರಕ್ಕ” ಎಂದೆ. ಯೋಚನೆ ಕೂಡ ಮಾಡಲಿಲ್ಲ.

ಹತ್ತು ದಿನ ಕಳೆದ ಮೇಲೆ ನನಗೆ ಕೋಲಾರದಿಂದ ಪತ್ರ ಬಂತು. ಆಸ್ಪತ್ರೆ ಸಾಮಾನುಗಳಲ್ಲಿರುವ ರಬ್ಬರ್, ಪ್ಲಾಸ್ಟಿಕ್ ಬಗ್ಗೆ ಎರಡು ದಿನದ ತರಬೇತಿಯಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಸಿರಿಂಜು, ಗ್ಲೌಸು, ಪೈಪು ಹಿಡಿದವಳಿಗೆ ಇವರು ರಬ್ಬರ್ ಪಾಠ ಹೇಳುತ್ತಾರಂತೆ. ಮುನಿಶಾಮಕ್ಕನ ಮುಂದೆ ಗೊಣಗಿದ್ದಕ್ಕೆ, ಹೋಗಿ ಬಾ ತಾಯಿ, ಕಿತ್ತುಹೋದ ಚಪ್ಪಲಿ ಅಂಟಿಸೋದಾದ್ರೂ ಕಲೀತೀಯ ಎಂದು ನಕ್ಕಳು.

ಪಾಠ ಹೇಳಲು ಬಂದಿದ್ದವನು ನಂದಕಿಶೋರ್ ಅಂತ, ಇನ್ನೂ ಮೀಸೆ ಬಲಿಯದ ಹುಡುಗ. ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ, ಎಲ್ಲ ರಬ್ಬರೂ ಒಂದೇ ಅಲ್ಲ, ಒಂದು ಕುದಿಯುವ ನೀರನ್ನು ತಡೆದುಕೊಂಡರೆ ಇನ್ನೊಂದು ಮುದುಡಿಹೋಗುತ್ತದೆ ಎಂದೆಲ್ಲ ಹೇಳುತ್ತಿದ್ದ. ನಾನು ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದೆ. ಅವನು ಎರಡು ಬಲೂನು ಊದಿ, ಒಂದಕ್ಕೆ ಕೊಬ್ಬರಿ ಎಣ್ಣೆ ಸವರಿ ಮೇಜಿನ ಮೇಲಿಟ್ಟು ಪಾಠ ಮುಂದುವರಿಸಿದ. ಸ್ವಲ್ಪ ಹೊತ್ತಿಗೆ ಎಣ್ಣೆ ಸವರಿದ ಬಲೂನು ಢಬ್ಬೆಂದು ಒಡೆಯಿತು. ನನ್ನ ನಿದ್ದೆಯೂ ಹಾರಿತು.

“ಈ ಬಲೂನೂ ನಿಮ್ಮ ರಬ್ಬರ್ ಪೈಪೂ ಒಂದೇ ಮರದ ಹಾಲು ಮೇಡಂ. ಎಣ್ಣೆ ತಾಗಿದ್ರೆ ಉಬ್ಬಿ ಬಲ ಕಳ್ಕೊಳುತ್ತೆ. ಮೂತ್ರದ ಪೈಪಿನ ತುದೀಲೂ ನೀರು ತುಂಬಿದ ಪುಟ್ಟ ಬಲೂನಿರುತ್ತೆ. ಪೈಪು ಜಾರದ ಹಾಗೆ ಒಳಗೆ ಹಿಡಿದಿರೋದು ಅದೇ. ಅದು ಒಡೆದ್ರೆ ಚೂರು ಒಳಗೇ ಉಳೀಬಹುದು, ಮೂತ್ರ ಮತ್ತೆ ಕಟ್ಕೋಬಹುದು.”

ಹೊರಗೆ ಹಚ್ಚಿದ್ದು ಒಳಕ್ಕೆ ಹೋಗುತ್ತದೆಯೇ ಎಂದು ಕೇಳಿದೆ. ಪೈಪಿನ ಉದ್ದಕ್ಕೂ ಒಳಕ್ಕೆ ಸರಿಯುತ್ತೆ ಎಂದ. ಹತ್ತು ದಿನಕ್ಕೂ ಮೀರಿದ ಎಣ್ಣೆ, ಅದೂ ನನ್ನ ಮಾತಿಗೆ. ಅವನಿಗೆ ಹೇಳಿ ಎದ್ದೆ. ಬಂಗಾರಪೇಟೆಗೆ ಬಸ್ಸು, ಅಲ್ಲಿಂದ ರೈಲು ಹಿಡಿದು ಬಿಸಿಲಿರುವಾಗಲೇ ಟೇಕಲ್‌ನಲ್ಲಿ ಇಳಿದೆ.

ಇನ್ನು ಎಣ್ಣೆ ಹಚ್ಚಬೇಡ ಎಂದರೆ ಮುನಿಶಾಮಕ್ಕ ಒಪ್ಪಲಿಲ್ಲ. “ಹಚ್ಚು ಅಂದೋಳೂ ನೀನೇ, ಬೇಡ ಅನ್ನೋಳೂ ನೀನೇ. ಎಣ್ಣೆ ಹಾಕಿ ಯಾವ್ದಾದ್ರೂ ಕೆಟ್ಟಿದ್ದುಂಟೇನಮ್ಮ?”

ನಾನು ಬಲೂನಿನ ಕಥೆ ಹೇಳಿದೆ. ಬಲೂನು ಮಕ್ಕಳ ಆಟದ ಸಾಮಾನು, ಇದು ಡಾಕ್ಟರು ಹಾಕಿದ್ದು ಎಂದು ತಳ್ಳಿಹಾಕಿದಳು. ಆಗ ಮಂಚದ ಮೇಲಿದ್ದ ಮುನಿಯಲ್ಲಪ್ಪಣ್ಣ ಬಾಯಿ ಬಿಟ್ಟ.

“ಲೇ, ಮಿಲ್ಲಲ್ಲಿ ರಬ್ಬರ್ ಬೆಲ್ಟಿಗೆ ಎಣ್ಣೆ ತಾಗ್ಸಿದ್ರೆ ನಾನೇನ್ ಮಾಡ್ತೀನಿ?”

“ಊರಿಗೆಲ್ಲಾ ಕೇಳೋ ಹಂಗೆ ಬೈತೀಯ.”

“ಯಾಕ್ ಬೈತೀನಿ?”

“ಬೆಲ್ಟು ಉಬ್ಬಿ ಕಿತ್ಕೊಂಡ್ ಬರ್ತದೆ ಅಂತ” ಎಂದವಳು ಅಲ್ಲಿಗೇ ನಿಂತಳು.

“ಮೂವತ್ತು ವರ್ಷ ಬೆಲ್ಟ್ ಕಾದೋನು. ನನ್ ಪೈಪೂ ಅದೇ ಜಾತೀದು ಅಂತ ನಂಗೂ ಹೊಳೀಲಿಲ್ಲ ನೋಡು” ಎಂದು ಅವನು ನಕ್ಕ. ಅವಳು ನಗಲಿಲ್ಲ. ಬಗ್ಗಿ ನೋಡಿದಳು. ಎಣ್ಣೆ ಸವರಿದ ಕಡೆ ಪೈಪು ಊದಿಕೊಂಡು ಕೈಗೆ ಅಂಟುತ್ತಿತ್ತು.

“ನನ್ ಕೈಯಾರೆ ಹಚ್ಚಿದ್ನಲ್ಲಮ್ಮ” ಎಂದು ಅಳಲು ಶುರುಮಾಡಿದಳು. ನನಗೂ ಕಣ್ಣು ತುಂಬಿತು. “ತಪ್ಪು ನಿಂದಲ್ಲಕ್ಕ. ಹೇಳಿದೋಳು ನಾನು” ಎಂದೆ. ಇಪ್ಪತ್ತು ವರ್ಷದಲ್ಲಿ ಯಾರ ಮನೆಯಲ್ಲೂ ನಾನು ಆ ಮಾತು ಹೇಳಿರಲಿಲ್ಲ.

ಈಗಲೇ ಕಿತ್ತುಹಾಕು ಎಂದು ಹಟ ಹಿಡಿದಳು. ಹಾಗೆ ಎಳೆದರೆ ಒಳಗೆ ಗಾಯವಾಗುತ್ತದೆ ಎಂದು ತಡೆದು, ಆಟೋದಲ್ಲಿ ಮಾಲೂರಿನ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಬಲೂನಿನ ನೀರನ್ನು ಮೊದಲು ತೆಗೆದು, ಹಳೆಯ ಪೈಪನ್ನು ನಿಧಾನಕ್ಕೆ ಎಳೆದು, ಹೊಸದು ಹಾಕಿದರು. ಆಮೇಲೆ ನಮ್ಮೆದುರಿಗೇ ಹಳೆಯ ಪೈಪಿನ ಬಲೂನಿಗೆ ನೀರು ತುಂಬಿಸಿದರು. ಅರ್ಧ ತುಂಬುವ ಮೊದಲೇ ಅದು ತಟ್ಟೆಯಲ್ಲಿ ಒಡೆಯಿತು. ಮುನಿಶಾಮಕ್ಕ ಗಂಡನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮಾರನೆಯ ದಿನ ನಾನು ಕೋಲಾರಕ್ಕೆ ಹೊರಟಾಗ ಅವಳು ರೈಲ್ವೆ ಸ್ಟೇಷನ್ನಿಗೇ ಬಂದು ಬುತ್ತಿ ಕೊಟ್ಟಳು. “ನೆನ್ನೆ ಪಾಠ ಅರ್ಧಕ್ಕೆ ಬಿಟ್ ಬಂದ್ಯಂತೆ. ಇವತ್ತು ಮುಂದಿನ ಬೆಂಚಲ್ಲಿ ಕೂತ್ಕೊ” ಎಂದಳು. ಕೂತೆ. ಈಗ ಆಪರೇಷನ್ ಮುಗಿದು, ಮುನಿಯಲ್ಲಪ್ಪಣ್ಣ ಮಿಲ್ಲಿನಲ್ಲಿ ಹಳೆಯ ದನಿಯಲ್ಲೇ ಬೈಯುತ್ತಿದ್ದಾನೆ. ಆ ಬೈಗುಳ ಕೇಳಿದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ರಬ್ಬರ್ ಪೈಪು ಹಾಕಿದ್ದರೆ, ಅಕ್ಕಂದಿರೇ, ಅಣ್ಣಂದಿರೇ, ಅದಕ್ಕೆ ಎಣ್ಣೆ, ವ್ಯಾಸಲೀನ್ ತಾಗಿಸಬೇಡಿ. ಸೋಪು, ಶುದ್ಧ ನೀರು ಸಾಕು. ಉರಿದರೆ ಆಸ್ಪತ್ರೆಯಲ್ಲಿ ಕೇಳಿ, ನೀವೇ ಎಳೆಯಬೇಡಿ. ನನ್ನಂಥ ನರ್ಸಮ್ಮಂದಿರಿಗೂ ಒಂದು ಮಾತು. ತರಬೇತಿಯ ಪತ್ರ ಬಂದರೆ ಗೊಣಗದೆ ಹೋಗಿ. ಬುತ್ತಿ ಕಟ್ಟಿಕೊಡಲು ನಿಮ್ಮೂರಲ್ಲೂ ಒಬ್ಬ ಮುನಿಶಾಮಕ್ಕ ಇದ್ದೇ ಇರುತ್ತಾಳೆ.