ಎತ್ತಿಗೆ ಕುಡಿಸದ ನೀರು

ಕೀಟನಾಶಕದ ಕ್ಯಾನು ಖಾಲಿಯಾದ ಮೇಲೆ ಅದನ್ನು ತೊಳೆದು ಕುಡಿಯುವ ನೀರಿಗೆ ಇಟ್ಟುಕೊಳ್ಳುವುದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ನಡೆದಿದೆ. ಪ್ಲಾಸ್ಟಿಕ್ಕು ಗಟ್ಟಿ, ಮುಚ್ಚಳ ಬಿಗಿ ಎಂಬುದೇ ಅದಕ್ಕೆ ಕೊಡುವ ಕಾರಣ. ಇದನ್ನು ಉಳಿತಾಯವೆನ್ನಲಾಗದು, ಇದು ಅಕ್ಷಮ್ಯವಾದ ಅಲಕ್ಷ್ಯ.

ಕಾನಹೊಸಹಳ್ಳಿ ಸಮೀಪದ ಒಂದು ಊರಿನಲ್ಲಿ ಕಾಲೇಜಿನ ಎನ್ನೆಸ್ಸೆಸ್ ಶಿಬಿರ ನಡೆದಿತ್ತು. ವಿದ್ಯಾರ್ಥಿಗಳು ಕೈಗವಸು ತೊಟ್ಟು, ಹಳ್ಳದ ದಂಡೆಯಲ್ಲಿ ಬಿದ್ದಿದ್ದ ಬೆಳೆಗೆ ಹೊಡೆಯುವ ಔಷಧದ ಬಾಟಲಿಗಳನ್ನು ಆರಿಸಿ ಚೀಲಕ್ಕೆ ಹಾಕುತ್ತಿದ್ದರು. ಅವರಲ್ಲಿ ವಾಣಿಶ್ರೀ ಅದೇ ಊರಿನವಳು. ಅವಳ ಗೆಳತಿ ನೂರೀನ, ಕೂಡ್ಲಿಗಿಯ ಮೆಕ್ಯಾನಿಕ್ ಯೂನುಸರ ಮಗಳು.

"ನಮ್ಮ ಗ್ಯಾರೇಜಿನಾಗ ಬ್ಯಾಟರಿ ಆಸಿಡ್ಡು ನೀರಿನ ಬಾಟ್ಲಿಯಾಗ ಇಟ್ಟಿದ್ವಿ. ನನ್ನ ತಮ್ಮ ನೀರಂತ ಕುಡದ. ಗಂಟಲು ಸುಟ್ಟು ಹದಿನೈದು ದಿನ ದವಾಖಾನಿ. ತಪ್ಪು ನಮ್ದೇ," ಎಂದು ನೂರೀನ ಎಲ್ಲರೆದುರು ಹೇಳಿದಳು.

"ಮಂದಿ ಮುಂದ ಹೇಳಾಕ ನಾಚಿಕಿ ಆಗಲ್ಲೇನಲೇ?" ಎಂದು ವಾಣಿಶ್ರೀ ಕೇಳಿದಳು.

"ಆಗತೈತಿ. ಆದ್ರ ಇನ್ನೊಬ್ರ ಮನಿ ಹುಡುಗ ಉಳೀತಾನಲ್ಲ!"

ವಾಣಿಶ್ರೀ ತಲೆ ತಗ್ಗಿಸಿ ಮತ್ತೆ ಬಾಟಲಿ ಆರಿಸತೊಡಗಿದಳು. ಅವಳ ಮನೆಯಲ್ಲಿಯೂ ಕುಡಿಯುವ ನೀರಿಗೆ ಇಟ್ಟುಕೊಂಡ ಔಷಧದ ಕ್ಯಾನೊಂದಿತ್ತು.

ಮಧ್ಯಾಹ್ನ ಅವಳ ತಂದೆ ಪಾಲಣ್ಣ ಶೇಂಗಾ ಹೊಲದಿಂದ ಅದೇ ಕ್ಯಾನು ಹಿಡಿದು ಬಂದರು. "ಬಿಸಿಲಾಗ ದಣದೀರಿ, ಬರ್ರವ್ವಾ, ನೀರು ಕುಡೀರಿ," ಎಂದು ಲೋಟಕ್ಕೆ ಬಗ್ಗಿಸಿ ನೂರೀನಳಿಗೆ ಕೊಟ್ಟರು. ಮೇಲಿನ ಚೀಟಿ ಕಿತ್ತಿದ್ದರಿಂದ ಅವಳಿಗೆ ಕ್ಯಾನಿನ ಗುರುತು ಸಿಗಲಿಲ್ಲ.

ಅಪ್ಪನ ಮಾನ ಉಳಿಸಬೇಕೋ, ಗೆಳತಿಯನ್ನೋ? ಬೆಳಿಗ್ಗೆ ನೂರೀನ ಆಡಿದ ಮಾತೇ ವಾಣಿಶ್ರೀಗೆ ಧೈರ್ಯ ಕೊಟ್ಟಿತು. ಅವಳು ಲೋಟ ಕಸಿದುಕೊಂಡಳು. "ಕುಡೀಬ್ಯಾಡಲೇ! ಅದು ಬೆಳಿಗೆ ಹೊಡಿಯೋ ಔಷಧದ ಕ್ಯಾನು!"

ಪಾಲಣ್ಣನವರ ಮುಖ ಬಿಗಿಯಿತು. "ಅಪ್ಪನ ಮರ್ಯಾದಿ ತಗೀತೀಯೇನು? ಬೂದಿ, ಸೋಪು ಹಾಕಿ ಏಳು ಸಲ ತೊಳದೀನಿ. ಎರಡು ವರ್ಷ ಕುಡದೀನಿ, ಸತ್ತೀನೇನು?"

"ತೊಳದ್ರೂ ವಿಷ ಪ್ಲಾಸ್ಟಿಕ್ಕಿನಾಗ ಉಳೀತೈತಿ ಕಾಕಾ. ವಾಸನಿ ಹೋತಂದ್ರ ವಿಷ ಹೋತು ಅಂತ ಅಲ್ರಿ," ಎಂದಳು ನೂರೀನ.

"ನಾಕು ಅಕ್ಷರ ಕಲ್ತು ನಮಗ ಹೇಳಾಕ ಬಂದ್ರು!"

ವಾಣಿಶ್ರೀ ಮೆಲ್ಲಗೆ ಕೇಳಿದಳು: "ಹಂಗಾದ್ರ ಈ ಕ್ಯಾನಿನ ನೀರು ಎತ್ತಿಗೆ ಯಾಕ ಕುಡಸಲ್ಲಪ್ಪಾ? ಅವಕ್ಕ ಬ್ಯಾರೆ ಕೊಡ ತರ್ತೀಯಲ್ಲ?"

"ಮೂಕ ಪ್ರಾಣಿ, ಏನರ ಆದ್ರ..." ಎನ್ನುತ್ತಲೇ ಪಾಲಣ್ಣನವರು ಕೈಯಲ್ಲಿದ್ದ ಕ್ಯಾನನ್ನು ನೋಡಿದರು. ಆಮೇಲೆ ಮಗಳ ಕಡೆ ತಿರುಗಿದರು. "ನಿನಗೂ ನಿಮ್ಮವ್ವಗೂ ಇದರಾಗೇ ಕುಡಿಸಿದ್ನಲ್ಲವ್ವಾ."

ನೀರು ಚೆಲ್ಲಿ, ಕುಡುಗೋಲಿನ ತುದಿಯಿಂದ ಕ್ಯಾನಿಗೆ ತೂತು ಹೊಡೆದು, "ಇದನ್ನೂ ನಿಮ್ಮ ಚೀಲಕ್ಕ ಹಾಕ್ಕೊಳ್ರಿ," ಎಂದರು.

ಓದುಗರೇ, ಔಷಧ ಹೊಡೆಯುವಾಗಲೇ ಖಾಲಿ ಕ್ಯಾನನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಪಂಪಿಗೇ ಸುರಿಯಿರಿ. ಕ್ಯಾನಿಗೆ ತೂತು ಮಾಡಿ, ಮಕ್ಕಳ ಕೈಗೆ ಸಿಗದಂತೆ ಬೇರೆ ಇಡಿ. ಸುಡಬೇಡಿ, ಹಳ್ಳಕ್ಕೆ ಎಸೆಯಬೇಡಿ. ಎಲ್ಲಿ ಒಪ್ಪಿಸಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಪಕ್ಕದ ಮನೆಯಲ್ಲಿ ಇಂಥ ಕ್ಯಾನಿನಿಂದ ನೀರು ಕುಡಿಯುವುದನ್ನು ಕಂಡರೆ ಎದುರಿಗೇ ಹೇಳಿ. ಮುಲಾಜಿಗೆ ಬಾಯಿ ಮುಚ್ಚಿಕೊಂಡವರೂ ವಿಷ ಕುಡಿಸಿದವರೇ.