ಕಾಲರಿನ ಮೇಲಿನ ಹನ್ನೊಂದು

ಟೈಲರಕ್ಕನಿಗೆ ಗುಣವಾಗಿದೆ ಎಂದು ಡಾಕ್ಟರು ಬರೆದುಕೊಟ್ಟು ಏಳು ತಿಂಗಳಾಗಿತ್ತು. ಹುಚ್ಚು ಬಿಟ್ಟಿತ್ತು, ಆಸ್ಪತ್ರೆ ಬಿಟ್ಟಿರಲಿಲ್ಲ. ಹೊರಗೆ ಬಿಡಬೇಕೆಂದರೆ ಆ ಕಾಗದದ ಕೆಳಗೆ ಅವಳ ತಮ್ಮ ಸಹಿ ಹಾಕಬೇಕು. ತಮ್ಮನಿಗೋ ಅಕ್ಕನ ಅಂಗಡಿ, ಅಕ್ಕನ ಮಷಿನ್ನು ಚೆನ್ನಾಗಿ ಒಗ್ಗಿಹೋಗಿದ್ದವು. ಮೇಟ್ರನ್ನಿಗೂ ಅವಸರವಿರಲಿಲ್ಲ. ರೋಗಿಗಳ ಹಸಿರು ಅಂಗಿಯಿಂದ ಡಾಕ್ಟರ ಬಿಳಿ ಕೋಟಿನವರೆಗೆ ಹೊಲಿಗೆಯೆಲ್ಲ ಟೈಲರಕ್ಕನದೇ. ಅದಕ್ಕೆ ಅಲ್ಲಿ ಚಿಕಿತ್ಸೆ ಎಂದು ಹೆಸರು. ಬಿಟ್ಟಿ ದುಡಿಮೆಗೆ ಇಷ್ಟು ಚಂದದ ಹೆಸರಿಟ್ಟವರನ್ನು ಯಾವ ವಾರ್ಡಿಗೆ ಸೇರಿಸಬೇಕೆಂದು ಯಾರೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಟೈಲರಕ್ಕ ತನ್ನ ಅಳತೆಗೇ ಒಂದು ಬಿಳಿ ಕೋಟು ಹೊಲಿದು ತೊಟ್ಟು, ಆ ಕಾಗದ ಜೇಬಿಗಿಟ್ಟು ಗೇಟಿಗೆ ನಡೆದಳು. ಕಾವಲುಗಾರ ಮುಖ ನೋಡುವ ಗೋಜಿಗೆ ಹೋಗದೆ ಕೋಟಿಗೊಂದು ಸಲಾಮು ಹೊಡೆದ.

ಅಂಗಡಿಯಲ್ಲಿ ಅವಳ ತಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದ. ತಲೆ ಎತ್ತಲಿಲ್ಲ, ಬಿಳಿ ಕೋಟಿನ ಅಂಚು ಮಾತ್ರ ಕಂಡಿತು.

"ಅವಳನ್ನ ಅಲ್ಲೇ ಇಟ್ಕೊಳ್ಳಿ ಡಾಕ್ಟ್ರೇ. ಇಲ್ಲಿ ಜಾಗ ಇಲ್ಲ."

"ಜಾಗ ಆಗುತ್ತೆ, ನೀನು ಏಳು. ಕೂತಿರೋದು ನನ್ನ ಸ್ಟೂಲು."

ಅವನ ಕೈಯಿಂದ ದಾರ ಜಾರಿತು. ಸಾವರಿಸಿಕೊಂಡು ಅವಳ ಕತ್ತಿನತ್ತ ಬೆರಳು ತೋರಿಸಿದ. ತಪ್ಪಿಸಿಕೊಂಡು ಬಂದಿದ್ದಾಳೆ ನೋಡಿ ಎಂದು ಗಿರಾಕಿಗಳನ್ನು ಕರೆದ. ಕಾಲರಿನ ಮೇಲೆ ಕೆಂಪು ದಾರದಲ್ಲಿ ಅವಳ ಮಂಚದ ನಂಬರು, ಹನ್ನೊಂದು. ರೋಗಿಗಳ ಬಟ್ಟೆಗೆಲ್ಲ ನಂಬರು ಹಾಕಿ ಹಾಕಿ, ತಪ್ಪಿಸಿಕೊಳ್ಳುವ ಕೋಟಿಗೂ ಹಾಕಿಬಿಟ್ಟಿದ್ದಳು.

ಟೈಲರಕ್ಕ ಕಾಗದವನ್ನು ಎದುರಿಗಿದ್ದ ಮೇಡಂ ಕೈಗೆ ಕೊಟ್ಟಳು. ನಿವೃತ್ತ ಶಿಕ್ಷಕಿ ಆಕೆ. ಒಂದು ತೋಳು ಉದ್ದ, ಒಂದು ತೋಳು ಗಿಡ್ಡವಾದ ಅಂಗಿ ಹಿಡಿದು ಮೂರನೇ ಸಲ ಜಗಳಕ್ಕೆ ಬಂದಿದ್ದರು. ತರಗತಿಗೆ ಓದುವಂತೆ ಗಟ್ಟಿಯಾಗಿ ಓದಿದರು: ಸಂಪೂರ್ಣ ಗುಣ, ಮನೆಗೆ ಹೋಗಬಹುದು. ಆಮೇಲೆ ಕೋಟಿನ ಹೊಲಿಗೆಯನ್ನು ಮುಟ್ಟಿ ನೋಡಿ, ಕೈಯಲ್ಲಿದ್ದ ಅಂಗಿಯನ್ನು ಎತ್ತಿ ಹಿಡಿದರು.

"ಅಕ್ಕ ಹೊಲಿದಿರೋದು ಇದು, ನೀನು ಹೊಲಿದಿರೋದು ಇದು. ಯಾರನ್ನಪ್ಪಾ ಒಳಗೆ ಹಾಕಬೇಕು?"

ಗಿರಾಕಿಗಳು ನಕ್ಕರು. ಆ ನಗೆಯ ನಡುವೆ ಕೂರಲಾಗದೆ ಅವನು ಕಾಗದದ ಮೇಲೆ ಸಹಿ ಗೀಚಿ ಸ್ಟೂಲು ಬಿಟ್ಟೆದ್ದ.

ಸಂಜೆ ಆಸ್ಪತ್ರೆಯ ಆಳುಗಳಿಬ್ಬರು ಹುಡುಕಿಕೊಂಡು ಬಂದರು. ಸಹಿ ನೋಡಿ ಪೆಚ್ಚಾದರು. ಒಬ್ಬ ತಲೆ ಕೆರೆದುಕೊಂಡ.

"ಟೈಲರಕ್ಕಾ, ಇನ್ನೂ ನಲವತ್ತು ಅಂಗಿ ಬಾಕಿ ಇದೆ ಅಂತಿದಾರೆ ಮೇಟ್ರನ್ನು."

"ತರೋಕೆ ಹೇಳಪ್ಪ. ಮೇಡಂ ತೋಳು ಆದ್ಮೇಲೆ ನಿಮ್ಮ ಸರದಿ."

ಅಷ್ಟು ಹೇಳಿ ಕಾಲರನ್ನು ಬಾಯಿಗೆಳೆದು, ಕೆಂಪು ದಾರವನ್ನು ಹಲ್ಲಿನಿಂದ ಕಡಿದು ಉಗುಳಿದಳು.